ದಾರ ಕಚ್ಚುವ ಹಲ್ಲು

ಟೈಲರ್ ಕೈಯಲ್ಲಿ ಕತ್ತರಿ ಇದ್ದರೂ ದಾರ ತುಂಡು ಮಾಡುವುದು ಹಲ್ಲೇ. ನಮ್ಮ ಕಸುಬಿನ ಯಾರನ್ನು ಬೇಕಾದರೂ ಕೇಳಿ. ಹೊಲಿಗೆಯ ಕೊನೆ ಬಂದಾಗ ಎರಡೂ ಕೈ ಬಟ್ಟೆಯ ಮೇಲಿರುತ್ತವೆ. ಕತ್ತರಿ ಎಲ್ಲೋ ರಾಶಿಯ ಕೆಳಗೆ ಹೂತುಹೋಗಿರುತ್ತದೆ. ಬಾಯಿಯೊಂದು ಮಾತ್ರ ಇದ್ದಲ್ಲೇ ಇರುತ್ತದೆ. ತಲೆ ಬಗ್ಗಿಸಿ ದಾರವನ್ನು ಮುಂದಿನ ಹಲ್ಲಿಗೆ ಕೊಟ್ಟರೆ ಟಕ್ ಎಂದು ಮುಗಿಯಿತು. ವರ್ಷಗಟ್ಟಲೆ ಹೀಗೆ ಮಾಡಿದರೆ ಆ ಹಲ್ಲಿನ ಅಂಚಿನಲ್ಲಿ ಸಣ್ಣದೊಂದು ತೋಡು ಬೀಳುತ್ತದೆ. ನನ್ನ ಹಲ್ಲಿಗೂ ಬಿದ್ದಿತ್ತು. ಅದರ ಬಗ್ಗೆ ನನಗೆ ಜಂಬವೇ ಇತ್ತು, ಯಾಕೆಂದರೆ ದಾರ ತಾನಾಗಿಯೇ ಹೋಗಿ ಅದರಲ್ಲಿ ಕೂರುತ್ತಿತ್ತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಹಲಸೂರು ಬಜಾರಿನಿಂದ ಒಳಗೆ ತಿರುಗಿದರೆ ಸಿಗುವ ಒಂದು ಅಡ್ಡರಸ್ತೆಯಲ್ಲಿ ನನ್ನ ಲೇಡೀಸ್ ಟೈಲರ್ ಅಂಗಡಿ. ಮುಂದೆ ಅಂಗಡಿ, ನಡುವೆ ಒಂದು ಪರದೆ, ಹಿಂದೆ ಮನೆ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಇದ್ದವರು ಅಮ್ಮ, ಮಗಳು ನಾವಿಬ್ಬರೇ. ಅಳತೆ ತೆಗೆಯುವುದು, ಕತ್ತರಿಸುವುದು, ಹೊಲಿಯುವುದು, ಗಿರಾಕಿಗಳ ಜೊತೆ ಜಗಳವಾಡುವುದು ನನ್ನ ಪಾಲಿನ ಕೆಲಸ. ಹೆಮ್ಮಿಂಗ್, ಹುಕ್ಸು, ಗುಂಡಿಯ ಕಾಜಾ ಅಮ್ಮನ ಪಾಲು. ನನ್ನ ನಾಲಿಗೆಗೆ ಬೀದಿಯಲ್ಲಿ ಒಳ್ಳೆಯ ಹೆಸರಿರಲಿಲ್ಲ. ಆದರೆ ಬ್ಲೌಸಿನ ತೋಳನ್ನು ನನ್ನ ಹಾಗೆ ಕೂರಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ, ಹಾಗಾಗಿ ಫ್ರೇಜರ್ ಟೌನ್, ಶಿವಾಜಿನಗರಗಳಿಂದಲೂ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. ಬೈಸಿಕೊಂಡರೂ ಬರುತ್ತಿದ್ದರು.

ಗಿರಾಕಿಗಳಿದ್ದಾಗ ಅಮ್ಮ ಮಾತ್ರ ಪರದೆಯಿಂದ ಈಚೆಗೆ ಬರುತ್ತಿರಲಿಲ್ಲ. ಅವಳ ಮುಂದಿನ ಎರಡು ಹಲ್ಲು ನಾನು ಸ್ಕೂಲಿಗೆ ಹೋಗುವ ಕಾಲದಲ್ಲೇ ಹೋಗಿದ್ದವು. ಅವಳೂ ನನ್ನ ಹಾಗೆ ದಾರ ಕಚ್ಚಿದವಳು. ಮೊದಲು ತೋಡು ಬಿತ್ತು, ಆಮೇಲೆ ಚೂರು ಹಾರಿತು, ಆಮೇಲೆ ನೋವು ಶುರುವಾಯಿತು. ಯಾರೋ ಒಬ್ಬ ಕಿತ್ತು ಕಳಿಸಿದ. ಅಂದಿನಿಂದ ಹೊರಗಿನವರು ಎದುರಾದರೆ ಸಾಕು, ಸೆರಗು ಬಾಯಿಗೆ ಬರುತ್ತಿತ್ತು. ನಗು ಕಡಿಮೆಯಾಯಿತು, ಮಾತು ಕಡಿಮೆಯಾಯಿತು, ಕೊನೆಗೆ ಅವಳು ಮಾತಾಡುತ್ತಿದ್ದದ್ದು ನನ್ನೊಬ್ಬಳ ಹತ್ತಿರ. ಎಷ್ಟೋ ಗಿರಾಕಿಗಳು ಅಮ್ಮ ಮೂಗಿ ಎಂದೇ ತಿಳಿದಿದ್ದರು. “ಪಾಪ, ಹುಟ್ಟಿದಾಗಿಂದ್ಲೂ ಹೀಗೇನಾ?” ಎಂದು ಒಬ್ಬಾಕೆ ನನ್ನನ್ನೇ ಕೇಳಿದ್ದಳು. ಆ ವರ್ಷ ಆಕೆಗೆ ನಾನು ಬ್ಲೌಸ್ ಹೊಲಿದುಕೊಡಲಿಲ್ಲ.

ನನ್ನ ಹಲ್ಲು ಮುರಿದದ್ದು ಆಷಾಢದ ಶುರುವಿನಲ್ಲಿ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲದಿದ್ದರೂ ಟೈಲರುಗಳಿಗೆ ಬಿಡುವಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಉಡಬೇಕಾದ ಸೀರೆಗಳೆಲ್ಲ ಆಗಲೇ ಬಂದು ಬೀಳುತ್ತವೆ. ಒಂದು ಸೀರೆಗೆ ಫಾಲ್ ಹಚ್ಚಿ ಮುಗಿಸಿ ದಾರ ಕಚ್ಚಿದೆ. ದಾರ ತುಂಡಾಗಲಿಲ್ಲ, ಹಲ್ಲು ತುಂಡಾಯಿತು. ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗಿ ಅಂಗೈಗೆ ಉಗಿದು ನೋಡಿದರೆ ನನ್ನ ಹಲ್ಲಿನ ಓರೆ ಚೂರು.

ಅಮ್ಮ ಪರದೆ ಸರಿಸಿ ಬಂದಳು. ನನ್ನ ಅಂಗೈ ನೋಡಿದಳು, ನನ್ನ ಬಾಯಿ ನೋಡಿದಳು. ಅವಳ ಕೈ ತನ್ನ ಬಾಯಿಗೆ ಹೋಯಿತು. ನನಗೆ ಆಗಿನ್ನೂ ನೋವು ಶುರುವಾಗಿರಲಿಲ್ಲ, ಆದರೆ ಅವಳ ಆ ಕೈ ನೋಡಿದ್ದೇ, ಇನ್ನು ಸ್ವಲ್ಪ ವರ್ಷಕ್ಕೆ ನಾನೂ ಪರದೆಯ ಹಿಂದೆ ಕೂತು, ಯಾರಾದರೂ ಬಂದರೆ ಸೆರಗು ಹುಡುಕುವವಳಾಗುತ್ತೇನೆ ಅನ್ನಿಸಿತು.

“ಈ ಹಲ್ಲು ನಾನು ಕೀಳ್ಸಲ್ಲ. ಏನಾದ್ರೂ ಆಗ್ಲಿ, ಕೀಳ್ಸಲ್ಲ,” ಎಂದೆ.

ಗಿರಾಕಿಯೊಬ್ಬರು ಇಂದಿರಾನಗರದ ಒಬ್ಬ ಹಲ್ಲಿನ ಡಾಕ್ಟರಮ್ಮನ ಬಗ್ಗೆ ಹೇಳಿದ್ದರು. ನನಗಿಂತ ಚಿಕ್ಕವರು, ಉದ್ದ ಜಡೆ, ಮೆಲು ದನಿ. ಸಣ್ಣ ಕನ್ನಡಿ ಹಾಕಿ ನೋಡುತ್ತಲೇ, “ನೀವು ಟೈಲರ್ ಅಲ್ವಾ?” ಎಂದು ಕೇಳಿದರು. ಪಕ್ಕದ ಹಲ್ಲಿನಲ್ಲೂ ತೋಡು ಶುರುವಾಗಿತ್ತಂತೆ. ನಾನು ಹೌದೆಂದೆ.

“ಬೇರು ಗಟ್ಟಿಯಾಗಿದೆ, ಹಲ್ಲು ಉಳಿಸ್ಬಹುದು. ರೂಟ್ ಕೆನಾಲ್ ಮಾಡಿ, ಒಳಗೊಂದು ಕಡ್ಡಿ ನಿಲ್ಸಿ, ಮೇಲೆ ಕ್ಯಾಪ್ ಹಾಕ್ತೀನಿ. ಆದ್ರೆ ಮುರಿದಿರೋದು ವಸಡಿನ ಹತ್ರದವರ್ಗೂ ಹೋಗಿದೆ. ವಸಡು ಸ್ವಲ್ಪ ಕತ್ತರಿಸಿ ಮೇಲೆ ಸರಿಸ್ಬೇಕು. ಅದು ವಾಸಿ ಆಗೋವರ್ಗೂ ಟೆಂಪರರಿ ಕ್ಯಾಪೇ ಗತಿ. ಅಲ್ಲಿವರ್ಗೂ ಮುಂದಿನ ಹಲ್ಲಲ್ಲಿ ಏನೂ ಕಚ್ಚೋ ಹಾಗಿಲ್ಲ.”

“ಕಚ್ಚಿದ್ರೆ?”

“ಉಳಿದಿರೋ ಮೋಟು ಸೀಳಿದ್ರೆ ನಾನೂ ಏನೂ ಮಾಡಕ್ಕಾಗಲ್ಲ. ಕೀಳ್ಲೇಬೇಕು.”

ನಾನು ಸರಿ ಎಂದೆ. ಕಚ್ಚದೇ ಇರುವುದು ಒಂದು ದೊಡ್ಡ ವಿಷಯವೇ ಎಂದು ಮನಸ್ಸಿನಲ್ಲಿ ನಕ್ಕೆ.

ಕೆಲವು ಸಲ ಹೋಗಿ ಬಂದ ಮೇಲೆ ವಸಡು ಕತ್ತರಿಸುವ ದಿನ ಬಂತು. ಮರಗಟ್ಟಿಸುವ ಸೂಜಿ ಚುಚ್ಚಿದಾಗ ಕಣ್ಣಲ್ಲಿ ನೀರು ಬಂದಿದ್ದು ಬಿಟ್ಟರೆ ಬೇರೆ ನೋವಿಲ್ಲ. ಕೊನೆಯಲ್ಲಿ ಡಾಕ್ಟರಮ್ಮ ಹೊಲಿಗೆ ಹಾಕಲು ಶುರು ಮಾಡಿದರು. ಕಪ್ಪು ರೇಷ್ಮೆ ದಾರ, ಬಾಗಿದ ಸೂಜಿ. ನನ್ನ ಬಾಯಲ್ಲಿ ಬೇರೆಯವರು ಹೊಲಿಯುವಾಗ ನನಗೆ ಸುಮ್ಮನಿರಲಾಗಲಿಲ್ಲ. ದೀಪದ ಸುತ್ತಿನ ಹೊಳೆಯುವ ತಗಡಿನಲ್ಲಿ ಅವರ ಬೆರಳು ಕಾಣುತ್ತಿತ್ತು. ಗಂಟು ಹಾಕುವ ರೀತಿ ನೋಡಿದೆ, ಅಂತರ ನೋಡಿದೆ. ತಪ್ಪು ಹುಡುಕಲು ಏನೂ ಸಿಗಲಿಲ್ಲ. ಅವರು ದಾರದ ತುದಿಯನ್ನು ಪುಟ್ಟ ಕತ್ತರಿಯಲ್ಲಿ ಕತ್ತರಿಸಿ, ಕತ್ತರಿಯನ್ನು ನನ್ನ ಕಣ್ಣ ಮುಂದೆ ಆಡಿಸಿ ತೋರಿಸಿದರು.

“ನೋಡ್ಕೊಳ್ಳಿ. ನಾನೂ ಹಲ್ಲಲ್ಲಿ ಕಚ್ಚಿ ತುಂಡು ಮಾಡಿದ್ರೆ ನಿಮ್ಗೆ ಹೇಗಿರ್ತಿತ್ತು?”

ಮರಗಟ್ಟಿದ ತುಟಿಯಲ್ಲಿ ನಗಲು ಹೋಗಿ ಜೊಲ್ಲು ಸುರಿಸಿಕೊಂಡೆ.

ಮನೆಯಲ್ಲಿ ಮೊದಲ ಕೆಲವು ದಿನ ರಾಣಿಯ ಹಾಗೆ ಮಲಗಿದ್ದೆ. ತುಟಿ ಬೋಂಡದಂತೆ ಊದಿತ್ತು. ಅಮ್ಮ ರಾಗಿ ಅಂಬಲಿ ಆರಿಸಿ ಕೊಡುವಳು, ಮೊಸರನ್ನ ನುಣ್ಣಗೆ ಕಿವುಚಿ ಕೊಡುವಳು. ಅಕ್ಕಪಕ್ಕದವರು ಸಾಲಾಗಿ ಬಂದು ಸಲಹೆ ಕೊಟ್ಟು ಹೋದರು. ಒಬ್ಬರು ಲವಂಗ ಇಟ್ಟುಕೊಳ್ಳಿ ಅಂದರು, ಇನ್ನೊಬ್ಬರು ನಶ್ಯದ ಪುಡಿ ಒತ್ತಿ ಅಂದರು, ಮಹಡಿ ಮನೆಯ ತಮಿಳು ಅಜ್ಜಿ, “ಒಂದು ಹಲ್ಲಿಗೆ ಇಷ್ಟು ಆಟ್ಟಮಾ? ನಾನು ಎಲ್ಲಾ ಕಿತ್ತಾಕಿ ನೆಮ್ಮದಿಯಾಗಿದೀನಿ,” ಎಂದು ಬೋಳು ಬಾಯಿ ತೆರೆದು ತೋರಿಸಿದರು. ನಾನು ಯಾರ ಮಾತನ್ನೂ ಕೇಳಲಿಲ್ಲ. ಡಾಕ್ಟರಮ್ಮ ಹೇಳಿದಂತೆ ಉಪ್ಪುನೀರು ಮುಕ್ಕಳಿಸಿದೆ, ಮಾತ್ರೆ ನುಂಗಿದೆ. ಊತ ಇಳಿಯಿತು, ಹೊಲಿಗೆ ಬಿಚ್ಚಿಸಿಕೊಂಡು ಬಂದೆ. ಟೆಂಪರರಿ ಕ್ಯಾಪನ್ನು ಕನ್ನಡಿಯಲ್ಲಿ ನೋಡಿಕೊಂಡು, ಅರ್ಧ ಯುದ್ಧ ಗೆದ್ದಾಯಿತು ಎಂದು ಮಷಿನ್ ಮುಂದೆ ಕೂತೆ.

ಕೂತು ಹೊಲಿದ ಮೊದಲನೇ ಬ್ಲೌಸಿಗೇ ಎಡವಟ್ಟಾಯಿತು. ಹಸಿರು ರೇಷ್ಮೆ ಬ್ಲೌಸು. ತೋಳು ಕೂರಿಸಿ ಮುಗಿಸಿದೆ. ಕತ್ತರಿಯನ್ನು ಕೊರಳಿಗೆ ಕಟ್ಟಿಕೊಂಡೇ ಕೂತಿದ್ದೆ, ನಿಜ ಹೇಳುತ್ತೇನೆ. ಆದರೆ ಕತ್ತರಿ ನೆನಪಾಗುವ ಮೊದಲೇ ತಲೆ ಬಗ್ಗಿತ್ತು. ದಾರ ಎಳೆದೆ, ದಾರದ ಜೊತೆ ಕ್ಯಾಪೂ ಬಂದು ರೇಷ್ಮೆಯ ಮೇಲೆ ಬಿತ್ತು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ತಿರುಗಿಸಿ ಒಂದು ಮಾತು ಆಡಬಹುದಿತ್ತು. ಮೋಟನ್ನು ಗಾಳಿ ಊದಿ ಒಣಗಿಸಿ, ಬಹಳ ಹೊತ್ತು ನೋಡಿ, “ಈ ಸಲ ಬಚಾವಾಗಿದೀರಿ. ಹೀಗೇ ಮಾಡಿದ್ರೆ ಮುಂದಿನ ಸಲ ನಾನು ಹೊಸ ಕ್ಯಾಪ್ ಹಾಕಕ್ಕಲ್ಲ ಕರೆಯೋದು,” ಎಂದರು. ಅಲ್ಲಿಂದ ಹಲಸೂರಿನವರೆಗೆ ಬಸ್ಸು ಹತ್ತದೆ ನಡೆದುಕೊಂಡೇ ಬಂದೆ. ನನ್ನ ಬಾಯನ್ನು ನಾನೇ ನಂಬುವ ಹಾಗಿರಲಿಲ್ಲ.

ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ನೋಡಿದೆ. ಉಸಿರು ಕಟ್ಟಿದಂತಾಗಿ ಯಾವಾಗ ಕೆಳಗೆ ಜಗ್ಗಿರುತ್ತಿದ್ದೆನೋ ನನಗೇ ಗೊತ್ತಾಗುತ್ತಿರಲಿಲ್ಲ. ಅಂಗಡಿ ಮುಚ್ಚೋಣವೆಂದರೆ ಹಬ್ಬದ ಬಟ್ಟೆ ಒಪ್ಪಿಕೊಂಡಾಗಿತ್ತು. ಅಮ್ಮ ಮೂಲೆಯಲ್ಲಿ ಹುಕ್ಸು ಹಾಕುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಉಪ್ಪುನೀರಿನ ಚೊಂಬನ್ನೂ ಒಂದು ಬೋಗುಣಿಯನ್ನೂ ತಂದು ಮಷಿನ್ ಪಕ್ಕದಲ್ಲಿಟ್ಟಳು.

“ಹೇಗಿದ್ರೂ ಮುಕ್ಕಳಿಸ್ಬೇಕಲ್ಲ. ಬಾಯಿ ತುಂಬಾ ನೀರು ಇಟ್ಕೊಂಡು ಹೊಲಿ. ಬಾಯಿ ತೆಗೆದ್ಯೋ, ಜನರ ರೇಷ್ಮೆ ಹಾಳಾಗುತ್ತೆ. ಆ ಭಯಕ್ಕಾದ್ರೂ ಮುಚ್ಕೊಂಡಿರ್ತೀಯ.”

ನನಗೆ ಸಿಟ್ಟು ಬಂತು. ಆದರೆ ಉಪಾಯ ಅಂದರೆ ಉಪಾಯ. ನನ್ನ ಹಲ್ಲಿನ ಬಗ್ಗೆ ನನಗೆ ಎಷ್ಟೇ ಮರೆವಿರಲಿ, ಬೇರೆಯವರ ರೇಷ್ಮೆಯ ಮೇಲೆ ಒಂದು ಹನಿ ಬೀಳಲು ನಾನು ಬಿಡುವವಳಲ್ಲ. ತಲೆ ಬಗ್ಗುತ್ತಿತ್ತು, ತುಟಿ ತೆರೆಯುವ ಮೊದಲೇ ನೀರಿನ ನೆನಪಾಗುತ್ತಿತ್ತು, ಕೈ ಕತ್ತರಿಗೆ ಹೋಗುತ್ತಿತ್ತು. ಒಂದೊಂದು ಹೊಲಿಗೆಗೂ ಒಂದೊಂದು ಗುಟುಕು. ಕೆಲಸ ಸಾಗಿತು.

ಸಾಗದೇ ಹೋದದ್ದು ಮಾತು. ಗಿರಾಕಿ ಬಂದರೆ ನಾನು ಉಂ ಉಂ ಎನ್ನುತ್ತಾ ಬೋಗುಣಿ ಹುಡುಕಬೇಕು. ಅಷ್ಟರಲ್ಲಿ ಅವರು ಹೇಳುವುದನ್ನೆಲ್ಲ ಹೇಳಿ ಮುಗಿಸಿರುತ್ತಿದ್ದರು. ಒಂದು ಮಧ್ಯಾಹ್ನ ವಿಮಾನಪುರದ ಕ್ವಾರ್ಟರ್ಸಿನಿಂದ ಒಬ್ಬಾಕೆ ಬಂದಳು. ಹಿಂದಿನ ವಾರ ಒಯ್ದ ಬ್ಲೌಸನ್ನು ಮಷಿನ್ ಮೇಲೆ ಎಸೆದು, “ಕೈ ಎತ್ತಕ್ಕಾಗಲ್ಲ, ಅಷ್ಟು ಬಿಗಿ! ಮೀಟರ್ ಬಟ್ಟೆ ಕೊಟ್ಟಿದ್ದೆ ನಾನು. ಮಿಕ್ಕಿದ್ದು ಎಲ್ಲೋಯ್ತು? ನಿಮ್ಮನೆ ದಿಂಬಿನ ಕವರಾಯ್ತಾ?” ಎಂದಳು.

ಬಟ್ಟೆ ಕದ್ದೆ ಎನ್ನುವ ಮಾತನ್ನು ಯಾವ ಟೈಲರೂ ಸಹಿಸುವುದಿಲ್ಲ. ನನ್ನ ಕೈಯಲ್ಲಿ ಇನ್ನೊಬ್ಬರ ಮೈಸೂರು ಸಿಲ್ಕು, ಬಾಯಲ್ಲಿ ಉಪ್ಪುನೀರು, ತಲೆಯಲ್ಲಿ ಬೆಂಕಿ. ನೀರು ನುಂಗಲು ಹೋಗಿ ನೆತ್ತಿಗೇರಿ ಕಣ್ಣು ಕೆಂಪಾಯಿತು. ಆಕೆ ಅದನ್ನು ನೋಡಿ, “ಬಾಯಲ್ಲಿ ಮಾತೇ ಬರ್ತಿಲ್ಲ ನೋಡಿ!” ಎಂದು ಬೀದಿಯನ್ನೇ ಸಾಕ್ಷಿಗೆ ಕರೆದಳು.

ಆಗ ಪರದೆ ಸರಿಯಿತು. ಅಮ್ಮ ಬಂದು ಆ ಬ್ಲೌಸನ್ನು ಎತ್ತಿಕೊಂಡು ಒಳಮಗ್ಗಲು ಮಾಡಿದಳು. ಸೆರಗು ಬಾಯಿಯ ಮೇಲಿತ್ತು, ಆದರೆ ಬಟ್ಟೆ ಬಿಡಿಸಿ ತೋರಿಸಲು ಎರಡು ಕೈ ಬೇಕು. ಸೆರಗು ಜಾರಿತು.

“ಅಳತೆಗೆ ಅಂತ ನೀವು ಕೊಟ್ಟಿದ್ದು ನಿಮ್ಮ ಮದುವೆ ಕಾಲದ ಬ್ಲೌಸು. ಪಕ್ಕದ ಹೊಲಿಗೆ ಒಂದ್ಸಲನೂ ಬಿಚ್ಚಿರ್ಲಿಲ್ಲ, ನಾನೇ ನೋಡ್ದೆ. ಮೂರು ಮಕ್ಕಳಾದ್ಮೇಲೂ ಅದೇ ಅಳತೆ ಇರುತ್ತೇನಮ್ಮಾ? ಮಿಕ್ಕ ಬಟ್ಟೆ ಎಲ್ಲೂ ಹೋಗಿಲ್ಲ, ಇಲ್ಲೇ ಒಳಗೆ ಬಿಟ್ಟು ಹೊಲ್ದಿದಾಳೆ, ನೋಡಿ. ಹೀಗಾಗುತ್ತೆ ಅಂತ ಗೊತ್ತಿದ್ದೇ ಬಿಟ್ಟಿದಾಳೆ. ಕೂತ್ಕೊಳ್ಳಿ, ಈಗ್ಲೇ ಬಿಚ್ಚಿ ಸಡಿಲ ಮಾಡ್ಕೊಡ್ತೀನಿ.”

ಹಲ್ಲಿಲ್ಲದ ಸಂದಿಯಿಂದ ಗಾಳಿ ಹೋಗುತ್ತಿತ್ತು. ಆದರೆ ಮಾತು ಒಂದೂ ತಪ್ಪಲಿಲ್ಲ. ಆಕೆ ಸ್ಟೂಲಿನ ಮೇಲೆ ಕೂತಳು. ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಶಿವಾಜಿನಗರದ ಹಳೆಯ ಗಿರಾಕಿಯೊಬ್ಬರು ಬುರ್ಖಾದ ಮುಸುಕು ಸರಿಸಿ, “ಅರೆ! ಅಮ್ಮಾ ಬಾತಾಂ ಕರ್ತೇ ಕ್ಯಾ?” ಎಂದು, ಅಮ್ಮನಿಗೆ ಮಾತು ಬರುವುದು ಕಂಡು ಬೆರಗಾದರು. ಅಮ್ಮ ಅವರ ಕಡೆ ತಿರುಗಿ, “ಮಾತಾಡೋರು ಒಬ್ರು ಇದ್ರಲ್ಲಾ, ನಂಗೆ ಅವಕಾಶ ಎಲ್ಲಿತ್ತು?” ಎಂದಳು. ಇಬ್ಬರೂ ನಕ್ಕರು. ನಾನು ಬೋಗುಣಿಗೆ ಉಗಿದು ಬಂದಾಗ ನನ್ನ ಜಗಳ ಮುಗಿದುಹೋಗಿತ್ತು. ಅದರ ಬಗ್ಗೆ ನನಗೆ ಇವತ್ತಿಗೂ ಸ್ವಲ್ಪ ಬೇಸರವಿದೆ.

ಅಲ್ಲಿಂದ ಶುರುವಾಯಿತು ಅಮ್ಮನ ದರ್ಬಾರು. ಬಾಯಲ್ಲಿ ನೀರು ತುಂಬಿಕೊಂಡ ನಾನು ಮಷಿನ್ ತುಳಿಯುವುದು, ಅಮ್ಮ ಗಿರಾಕಿಗಳನ್ನು ನೋಡುವುದು. ಮೊದಲು ಪರದೆಯ ಅಂಚಿನಲ್ಲಿ ನಿಂತೇ ಉತ್ತರಿಸುತ್ತಿದ್ದವಳು ಆಮೇಲೆ ಸ್ಟೂಲ್ ತಂದು ಹಾಕಿಕೊಂಡಳು. ಯಾವ ಸೊಸೆಗೆ ಯಾವ ಅತ್ತೆಯ ಕಾಟ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲ ಅವಳಿಗೆ ತಿಳಿಯತೊಡಗಿತು. ನಾನು ಗಿರಾಕಿಗಳನ್ನು ಬೈದು ದಾರಿಗೆ ತರುತ್ತಿದ್ದೆ, ಅವಳು ಕೂರಿಸಿ ಕಾಫಿ ಕೊಟ್ಟು ದಾರಿಗೆ ತರುತ್ತಿದ್ದಳು. ಬಂದವರು ನನ್ನ ಕಡೆ ನೋಡುವುದನ್ನೇ ಬಿಟ್ಟರು. “ನಿಮ್ಮ ಮಗಳು ಈಗ ಎಷ್ಟು ಸಾಧು ಆಗಿದಾಳೆ!” ಎಂದು ಒಬ್ಬರು ನನ್ನೆದುರೇ ಹೇಳಿದರು. ನನ್ನ ಅಂಗಡಿಯಲ್ಲಿ ನಾನೇ ಮೂಗಿಯಾದೆ. ಹಲ್ಲು ಉಳಿಯಲಿ, ಆಮೇಲೆ ಎಲ್ಲರಿಗೂ ಸೇರಿಸಿ ಕೊಡುತ್ತೇನೆ ಎಂದು ನೀರು ನುಂಗದೆ ಕಾದೆ.

ವಸಡು ತಿಳಿಗುಲಾಬಿ ಬಣ್ಣಕ್ಕೆ ಬಂದು ಗಟ್ಟಿಯಾಯಿತು. ಡಾಕ್ಟರಮ್ಮ ಅಚ್ಚು ತೆಗೆದುಕೊಂಡು, ಬಣ್ಣ ಆರಿಸಲು ಮಾದರಿ ಹಲ್ಲುಗಳ ಸಾಲೊಂದನ್ನು ಹೊರತೆಗೆದರು. ಅದನ್ನು ನೋಡಿ ನನಗೆ ಜೀವ ಬಂತು. ಬಣ್ಣ ಹೊಂದಿಸುವುದರಲ್ಲಿ ನನ್ನನ್ನು ಮೀರಿಸುವವರು ಹಲಸೂರಿನಲ್ಲಿ ಇರಲಿಲ್ಲ.

“ಟ್ಯೂಬ್‌ಲೈಟಲ್ಲಿ ನೋಡ್ಬೇಡಿ ಮೇಡಂ, ಬಿಸಿಲಿಗೆ ಹೋದ್ರೆ ಬೇರೆ ಬಣ್ಣ ಕಾಣುತ್ತೆ.”

“ನಮ್ಗೂ ಕಾಲೇಜಲ್ಲಿ ಅದನ್ನೇ ಹೇಳ್ಕೊಟ್ಟಿದಾರೆ. ಬನ್ನಿ, ಬಾಲ್ಕನಿಗೆ ಹೋಗೋಣ,” ಎಂದು ಅವರು ನಕ್ಕರು.

ಬಾಲ್ಕನಿಯಲ್ಲಿ ಒಂದು ಕೈಯಲ್ಲಿ ಕನ್ನಡಿ ಹಿಡಿದು, ತುಟಿ ಮೇಲೆತ್ತಿ ನಿಂತೆ. ಕೆಳಗೆ ಆಟೊದವನೊಬ್ಬ ತಲೆಯೆತ್ತಿ ನೋಡಿದ. ನೋಡಿಕೊಳ್ಳಲಿ ಎಂದು ಬಿಟ್ಟೆ. ಡಾಕ್ಟರಮ್ಮ ಒಂದು ಬಿಳಿ ತೋರಿಸಿದರು, ನಾನು ಬೇಡವೆಂದೆ. ಅಷ್ಟು ಬಿಳಿ ಹಲ್ಲು ಕಾಫಿ ಕುಡಿಯುವವರ ಬಾಯಲ್ಲಿ ಇರುವುದಿಲ್ಲ. ಕೊನೆಗೆ ಕೆನೆಯ ಬಣ್ಣದ್ದೊಂದಕ್ಕೆ ಇಬ್ಬರೂ ಒಪ್ಪಿದೆವು.

ಹಬ್ಬಕ್ಕೆ ಸ್ವಲ್ಪ ದಿನ ಇರುವಾಗ ಕ್ಯಾಪ್ ಬಂತು. ಕೂರಿಸಿ, ಅಂಟಿಸಿ, ನೀಲಿ ಕಾಗದ ಕಚ್ಚಿಸಿ, ತಗಲುವ ಕಡೆ ಉಜ್ಜಿ ಕೊಟ್ಟರು. ಕನ್ನಡಿಯಲ್ಲಿ ನೋಡಿದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ನನ್ನ ಕಣ್ಣಿಗೇ ಹೇಳಲಾಗಲಿಲ್ಲ. ಅಳತೆ ಸರಿಯಾಗಿ ಕೂತ ಬಟ್ಟೆ ಹೀಗೇ ಇರುತ್ತದೆ, ಮೈಮೇಲೆ ಇದೆ ಎಂಬುದೇ ಮರೆತುಹೋಗುತ್ತದೆ. ಡಾಕ್ಟರಮ್ಮನಿಗೆ ಕೈಮುಗಿದು ಎದ್ದಾಗ ಅವರು, “ಅಮ್ಮನಿಗೂ ಎರಡು ಹಲ್ಲಿಲ್ಲ ಅಂದಿದ್ರಿ. ಪಕ್ಕದ ಹಲ್ಲು ಗಟ್ಟಿ ಇದ್ರೆ ಕಟ್ಟಿಸ್ಬಹುದು, ಕರ್ಕೊಂಡ್ಬನ್ನಿ,” ಎಂದರು.

ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದೆ. ಅಮ್ಮನ ಬಾಯಿಗೆ ಎರಡು ಹಲ್ಲು ಬಂದರೆ ಅವಳು ಎಷ್ಟು ಚೆನ್ನಾಗಿ ಕಾಣುತ್ತಾಳೆ, ಅಷ್ಟು ವರ್ಷದ ಸಂಕೋಚ ಹೇಗೆ ಕಳೆದುಹೋಗುತ್ತದೆ ಎಂದೆಲ್ಲ ಲೆಕ್ಕ ಹಾಕಿದೆ. ಅಂಗಡಿಗೆ ಬಂದಾಗ ಕೊನೆಯ ಗಿರಾಕಿ ಚೀಲ ಹಿಡಿದು ಹೊರಡುತ್ತಿದ್ದಳು. ನಾನು ಬೆಳಕಿಗೆ ನಿಂತು ತುಟಿ ಎತ್ತಿ ತೋರಿಸಿದೆ. ಅಮ್ಮ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

“ಉಳೀತು,” ಎಂದಳು.

“ನಂದು ಉಳೀತು. ಇನ್ನು ನಿಂದು. ನಾಳೆ ನೀನೂ ಹೊರಡು, ಡಾಕ್ಟರ್ ಕರ್ಕೊಂಡ್ಬಾ ಅಂದಿದಾರೆ. ನಿಂಗೂ ಕಟ್ಟಿಸ್ಬಹುದಂತೆ.”

“ನಂಗ್ಯಾಕೆ?”

“ಯಾಕೆ ಅಂದ್ರೆ? ಇನ್ನೆಷ್ಟು ವರ್ಷ ಅಂತ ಜನರ ಮುಂದೆ ಬಾಯಿ ಮುಚ್ಕೊಂಡಿರ್ತೀಯ?”

“ನಾನೆಲ್ಲಿ ಮುಚ್ಕೊಂಡಿದೀನಿ?”

ಅವಳು ಎದುರುತ್ತರ ಕೊಡಲು ಹೇಳಿದ ಮಾತಲ್ಲ ಅದು. ನಿಜವಾಗಿ ಅರ್ಥವಾಗದೆ ಕೇಳಿದಳು. ನಾನು ಅವಳನ್ನು ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೊರಳಲ್ಲಿ ನನ್ನ ಅಳತೆ ಟೇಪು ಇತ್ತು. ಅಂಗಡಿಯ ಬಾಗಿಲು ಪೂರ್ತಿ ತೆರೆದಿತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಅವಳು ಎರಡು ಹಲ್ಲಿನ ಜಾಗ ಕಾಣುವಂತೆ ನಗುತ್ತಾ ನಿಂತಿದ್ದಳು. ಅಮ್ಮನ ಹಾಗೆ ಆಗಬಾರದೆಂದು ಅಷ್ಟು ದಿನ ಒಂದು ಹಲ್ಲನ್ನು ಕಾದುಕೊಂಡು ಕೂತಿದ್ದೆ. ಆ ಹಳೆಯ ಅಮ್ಮ ಯಾವಾಗ ಎದ್ದುಹೋದಳೋ, ಅಲ್ಲೇ ಮಷಿನ್ ಮುಂದೆ ಕೂತಿದ್ದ ನನಗೆ ಕಂಡಿರಲಿಲ್ಲ.

ನನಗೆ ಅಳು ಬಂತು. ಬೀದಿಯವರೆಲ್ಲ ನೋಡುವಂತೆ, ಬಾಯಿ ಮುಚ್ಚಿಕೊಳ್ಳದೆ, ಅಮ್ಮನನ್ನು ಹಿಡಿದುಕೊಂಡು ಅತ್ತೆ.